ಮುಂದಿನ ಎರಡು ಸಾಲು ಯಾರಿಗೆ?

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಕ್ಕನಾಡಿನ ನಮ್ಮ ಫ್ಲ್ಯಾಟಿನಲ್ಲಿ ಏಳು ಜನ ಸೇರಿದ್ದೆವು. ಊರಿನಿಂದ ಒಂದು ನಾಟಕ ತಂಡವನ್ನು ಕರೆಸಿ ಎರ್ನಾಕುಳಂನಲ್ಲಿ ಒಂದು ಸಂಜೆ ಕನ್ನಡ ನಾಟಕ ಆಡಿಸಬೇಕು ಎಂಬುದು ನಮ್ಮ ಬಳಗದ ಬಹಳ ದಿನದ ಆಸೆ. ಸಭಾಂಗಣದ ಬಾಡಿಗೆ, ಬೆಳಕು, ಧ್ವನಿ, ಹದಿನಾಲ್ಕು ಜನರ ರೈಲು ಟಿಕೆಟ್, ಎರಡು ಹೊತ್ತಿನ ಊಟ ಎಲ್ಲ ಸೇರಿಸಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವ ಕೆಲಸ ನನ್ನದು. ಕಾರಣ ಇಷ್ಟೇ. ಇನ್ಫೋಪಾರ್ಕಿನಲ್ಲಿ ನಾನು ಮಾಡುವ ಕೆಲಸವೇ ಟಿಕೆಟ್ ದರ ನಿರ್ಧರಿಸುವ ತಂತ್ರಾಂಶದ್ದು. ಜನ ಹೆಚ್ಚಾದಂತೆ ದರ ಏರಿಸು, ಕಡಿಮೆಯಾದರೆ ಇಳಿಸು, ಒಳ್ಳೆಯ ಸೀಟಿಗೆ ಬೇರೆ ಹೆಸರು ಕೊಟ್ಟು ಬೇರೆ ಬೆಲೆ ಹಾಕು. ಅದೇ ವಿದ್ಯೆಯನ್ನು ಇಲ್ಲಿಗೂ ತಂದೆ. ಐನೂರು, ಮುನ್ನೂರು, ನೂರೈವತ್ತು ಎಂದು ಮೂರು ದರ್ಜೆ ಮಾಡಿದೆ. ಮುಂದಿನ ಎರಡು ಸಾಲಿಗೆ ಸೋಫಾ ಹಾಕಿ ಪ್ರಾಯೋಜಕರಿಗೆ ಬಿಟ್ಟುಕೊಟ್ಟರೆ ಖರ್ಚು ಸರಿದೂಗುತ್ತಿತ್ತು. ಎಕ್ಸೆಲ್ ಹಾಳೆಯ ಕೊನೆಯ ಸಾಲು ಹಸಿರು ಬಣ್ಣಕ್ಕೆ ತಿರುಗಿತು. ಎಲ್ಲರೂ ಒಪ್ಪಿದರು.

ಮಾರನೇ ದಿನ ಒಬ್ಬರು ಫೋನ್ ಮಾಡಿದರು. ಎರ್ನಾಕುಳಂನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಅಡುಗೆ ಮಾಡುತ್ತಿರುವ ಭಟ್ಟರು ಅವರು. ಹೋಟೆಲಿನ ಹುಡುಗರನ್ನು ಸೇರಿಸಿ ಆರು ಜನ ಬರುತ್ತೇವೆ ಎಂದರು. ನೂರೈವತ್ತರ ಟಿಕೆಟ್ ಸಾಕು ಎಂದು ಹೇಳಿ, ಸ್ವಲ್ಪ ತಡೆದು, "ಅಲ್ಲ ಸಾರ್, ಆ ಹಿಂದಿನ ಸಾಲಿನಲ್ಲಿ ಕೂತರೆ ಮಾತು ಕೇಳಿಸ್ತದಾ?" ಎಂದು ಕೇಳಿದರು. ಕೇಳಿಸುತ್ತದೆ ಭಟ್ರೇ ಎಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ನಾನು ಆ ಸಭಾಂಗಣದ ಕೊನೆಯ ಸಾಲಿನಲ್ಲಿ ಒಮ್ಮೆಯೂ ಕೂತಿರಲಿಲ್ಲ.

ಆ ವಾರವೇ ನಾನು ಬೇರೇನನ್ನೋ ಹುಡುಕುತ್ತಾ ಬ್ರಿಟಿಷ್ ಮ್ಯೂಸಿಯಂನ ಚಿತ್ರಸಂಗ್ರಹಕ್ಕೆ ಹೋಗಿ ಸಿಕ್ಕಿಬಿದ್ದೆ. ಇನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ವ್ಯಂಗ್ಯಚಿತ್ರಗಳು ಅಲ್ಲಿ ಸಾವಿರಗಟ್ಟಲೆ ಇವೆ. ಅವುಗಳಲ್ಲಿ ಒಂದು ನನ್ನನ್ನು ಹಿಡಿದು ನಿಲ್ಲಿಸಿತು. ಅರ್ಧಚಂದ್ರಾಕಾರದ ಒಂದು ಗೂಡು. ಅದರೊಳಗೆ ತುರುಕಿದಂತೆ ಹತ್ತಾರು ಮುಖಗಳು. ಬೆವರು, ಇಕ್ಕಟ್ಟು, ಒಬ್ಬರ ಮೇಲೊಬ್ಬರು. ಥಾಮಸ್ ರೋಲೆಂಡ್ಸನ್ ಎಂಬ ಕಲಾವಿದ 1811ರಲ್ಲಿ ಬಿಡಿಸಿದ ಆ ಚಿತ್ರದ ಹೆಸರು 'ಪಾರಿವಾಳದ ಗೂಡು'. ಕೋವೆಂಟ್ ಗಾರ್ಡನ್ ರಂಗಮಂದಿರದ ಅತ್ಯಂತ ಮೇಲಿನ, ಅತ್ಯಂತ ಅಗ್ಗದ ಸೀಟುಗಳ ಚಿತ್ರ ಅದು. ಅಲ್ಲಿ ಕೂತವರಿಗೆ ನಟರ ಕಾಲುಗಳಷ್ಟೇ ಕಾಣುತ್ತಿದ್ದವು ಎಂಬುದು ಆ ಕಾಲದವರ ದೂರು. ಛಾವಣಿಗೆ ಹತ್ತಿರ ಕೂರುವ ಈ ಜನರನ್ನು ಲಂಡನ್ನಿನವರು ತಮಾಷೆಗೆ 'ದೇವರುಗಳು' ಎನ್ನುತ್ತಿದ್ದರು. ನಮ್ಮಲ್ಲಿ ಟಾಕೀಸಿನ ಅಗ್ಗದ ಸೀಟಿಗೆ 'ಗಾಂಧಿ ಕ್ಲಾಸು' ಎಂದು ಹೆಸರಿಟ್ಟ ಹಾಗೆ. ಬಡವನನ್ನು ದೂರ ಕೂರಿಸಿ ದೊಡ್ಡ ಹೆಸರು ಕೊಡುವುದು ಎಲ್ಲ ಊರಿನಲ್ಲೂ ಇದೆ.

ಭಟ್ಟರ ಪ್ರಶ್ನೆ ನೆನಪಾಯಿತು. ಅಂದು ರಾತ್ರಿ ಎರಡು ಗಂಟೆಯವರೆಗೆ ಓದಿದೆ.

ಕತೆ ಹೀಗಿದೆ. ಆಗ ಲಂಡನ್ನಿನಲ್ಲಿ ಮಾತಿನ ಗಂಭೀರ ನಾಟಕವನ್ನು ವರ್ಷದ ಮುಖ್ಯ ಋತುವಿನಲ್ಲಿ ಆಡಲು ರಾಜನ ಸನ್ನದು ಇದ್ದದ್ದು ಎರಡೇ ರಂಗಮಂದಿರಗಳಿಗೆ, ಡ್ರೂರಿ ಲೇನ್ ಮತ್ತು ಕೋವೆಂಟ್ ಗಾರ್ಡನ್. ಈ ಏಕಸ್ವಾಮ್ಯ 1843ರವರೆಗೂ ನಡೆಯಿತು. ಪೈಪೋಟಿ ಇಲ್ಲದ ಕಡೆ ಮಂದಿರಗಳು ದೊಡ್ಡದಾಗುತ್ತಾ ಹೋದವು. 1794ರಲ್ಲಿ ಮತ್ತೆ ಕಟ್ಟಿದ ಡ್ರೂರಿ ಲೇನ್‌ನಲ್ಲಿ 3,600ಕ್ಕೂ ಹೆಚ್ಚು ಜನ ಹಿಡಿಸುತ್ತಿದ್ದರು. ಅಷ್ಟು ದೊಡ್ಡ ಹಾಲಿನಲ್ಲಿ ಮೈಕಿಲ್ಲದೆ ಷೇಕ್ಸ್‌ಪಿಯರನ ಮಾತು ಹಿಂದಿನವರಿಗೆ ಹೇಗೆ ಕೇಳಬೇಕು? ಕೇಳದಿದ್ದರೆ ಕಣ್ಣಿಗೆ ಏನಾದರೂ ಕೊಡಬೇಕು. ಅಲ್ಲಿಂದ ಶುರುವಾಯಿತು ನೋಡಿ ದೊಡ್ಡ ಸೀನು, ನಿಜವಾದ ನೀರು, ನಿಜವಾದ ಪ್ರಾಣಿ.

1803ರಲ್ಲಿ ಡ್ರೂರಿ ಲೇನ್‌ನಲ್ಲಿ 'ದಿ ಕ್ಯಾರವಾನ್' ಎಂಬ ಆಟ ಬಂತು. ಅದರಲ್ಲಿ ಕಾರ್ಲೋ ಎಂಬ ನಾಯಿ ರಂಗದ ಮೇಲಿನ ನಿಜವಾದ ನೀರಿಗೆ ಹಾರಿ ಮಗುವನ್ನು ಕಾಪಾಡುತ್ತಿತ್ತು. ಮಂದಿರದ ಒಡೆಯ ಷೆರಿಡನ್ ಸ್ವತಃ ದೊಡ್ಡ ನಾಟಕಕಾರ, ಪಾರ್ಲಿಮೆಂಟ್ ಸದಸ್ಯ, ಯಾವಾಗಲೂ ಸಾಲಗಾರ. ಮೊದಲ ಪ್ರದರ್ಶನ ಮುಗಿದಾಗ ಅವನು ರಂಗದ ಹಿಂದೆ ಓಡಿಬಂದು ನನ್ನ ಕಾಪಾಡಿದ ಪುಣ್ಯಾತ್ಮ ಎಲ್ಲಿ ಎಂದು ಕೇಳಿದನಂತೆ. ನಾಟಕ ಬರೆದವನು ಮುಂದೆ ಬಂದರೆ, ನೀನಲ್ಲಪ್ಪ, ನಾಯಿ ಎಲ್ಲಿ ಎಂದನಂತೆ. ನಿಜವೋ ಸುಳ್ಳೋ, ಕತೆ ಹುಟ್ಟಿದ್ದೇ ಜನರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಹೇಳುತ್ತದೆ.

ಮರುವರ್ಷ ಡಿಸೆಂಬರಿನಲ್ಲಿ ಹದಿಮೂರು ವರ್ಷದ ಹುಡುಗ ಮಾಸ್ಟರ್ ಬೆಟ್ಟಿ ಕೋವೆಂಟ್ ಗಾರ್ಡನ್‌ಗೆ ಬಂದು ದೊಡ್ಡವರ ಪಾತ್ರಗಳನ್ನು ಮಾಡತೊಡಗಿದ. ಊರಿಗೆ ಊರೇ ಹುಚ್ಚೆದ್ದಿತು. ಟಿಕೆಟ್ಟಿಗೆ ನೂಕುನುಗ್ಗಲು. ಡ್ರೂರಿ ಲೇನ್ ಕೂಡ ಅವನನ್ನು ಕರೆಸಿತು. 1805ರ ಜನವರಿಯಲ್ಲಿ ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರ 'ರಂಗಭೂಮಿಯ ಗುಳ್ಳೆ' ಎಂಬ ಅರ್ಥದ ಹೆಸರಿಟ್ಟು ಒಂದು ಚಿತ್ರ ಮಾಡಿದ. ಗೊಂಬೆಯಾಟದ ವಿದೂಷಕ ಪಂಚ್‌ನ ವೇಷದಲ್ಲಿ ಷೆರಿಡನ್ ಸಾಬೂನಿನ ಗುಳ್ಳೆ ಊದುತ್ತಿದ್ದಾನೆ. ಗುಳ್ಳೆಯೊಳಗೆ ಆ ಹುಡುಗ. ಜಾಹೀರಾತು, ಹೈಪು, ವೈರಲ್ಲು ಎಂದು ನಾವು ಇಂದು ಏನೇನು ಹೆಸರಿಡುತ್ತೇವೋ ಅದೆಲ್ಲ ಆ ಒಂದು ಗುಳ್ಳೆಯಲ್ಲಿದೆ. ಎರಡು ಮೂರು ವರ್ಷದಲ್ಲಿ ಗುಳ್ಳೆ ಒಡೆಯಿತು. ಹುಡುಗ ದೊಡ್ಡವನಾದ, ಜನ ಮರೆತರು.

ಈ ಚಿತ್ರಗಳು ತಯಾರಾಗುತ್ತಿದ್ದ ಬಗೆಯನ್ನೂ ಸ್ವಲ್ಪ ಹೇಳಬೇಕು. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದುತ್ತಿದ್ದರು. ಗೀಚಿದಲ್ಲಿ ಮಾತ್ರ ತಾಮ್ರ ಕೊರೆದು ಗೆರೆ ಮೂಡುತ್ತಿತ್ತು. ಅದಕ್ಕೆ ಶಾಯಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತಿ, ಆಮೇಲೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಗಿಲ್ರೇ ಇದ್ದದ್ದು ಸೇಂಟ್ ಜೇಮ್ಸ್ ಬೀದಿಯಲ್ಲಿ ಹನ್ನಾ ಹಂಫ್ರಿ ಎಂಬ ಮಹಿಳೆಯ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಂಗಡಿಯ ಕಿಟಕಿಗೆ ಹೊಸ ಚಿತ್ರ ಅಂಟಿಸಿದರೆ ಹೊರಗೆ ಗುಂಪು ಸೇರುತ್ತಿತ್ತು. ಕೊಳ್ಳಲು ಒಂದೆರಡು ಶಿಲಿಂಗ್ ಬೇಕು. ಕಿಟಕಿಯಲ್ಲಿ ನೋಡಲು ಬಿಟ್ಟಿ.

ಇಷ್ಟು ಹೊತ್ತಿಗೆ ಬೆಂಕಿ ಬಂತು. 1808ರ ಸೆಪ್ಟೆಂಬರಿನಲ್ಲಿ ಕೋವೆಂಟ್ ಗಾರ್ಡನ್ ಸುಟ್ಟು ಬೂದಿಯಾಯಿತು. 20ಕ್ಕೂ ಹೆಚ್ಚು ಜನ ಸತ್ತರು. ಐದು ತಿಂಗಳ ನಂತರ ಡ್ರೂರಿ ಲೇನ್ ಕೂಡ ಸುಟ್ಟಿತು. ಕೋವೆಂಟ್ ಗಾರ್ಡನ್‌ನ ಮುಖ್ಯಸ್ಥ, ನಟ ಜಾನ್ ಫಿಲಿಪ್ ಕೆಂಬಲ್ ವರ್ಷದೊಳಗೆ ಹೊಸ ಮಂದಿರ ಎಬ್ಬಿಸಿ 1809ರ ಸೆಪ್ಟೆಂಬರ್ 18ರಂದು 'ಮ್ಯಾಕ್‌ಬೆತ್' ಆಡಿದ. ವಿಮೆಯ ಹಣ ಎಲ್ಲಿಗೂ ಸಾಕಾಗಿರಲಿಲ್ಲ. ಅದಕ್ಕೆ ದರ ಏರಿಸಿದ. ಬಾಕ್ಸಿಗೆ 6 ಶಿಲಿಂಗ್ ಇದ್ದದ್ದು 7. ಕೆಳಗಿನ ಪಿಟ್ಟಿಗೆ ಮೂರೂವರೆ ಶಿಲಿಂಗ್ ಇದ್ದದ್ದು 4. ನನ್ನ ವೃತ್ತಿಯ ಲೆಕ್ಕದಲ್ಲಿ ನೂರಕ್ಕೆ 14ರಿಂದ 17ರಷ್ಟು ಏರಿಕೆ. ಇವತ್ತಿನ ತಂತ್ರಾಂಶ ಇಷ್ಟನ್ನು ಊಟದ ಹೊತ್ತಿನಲ್ಲಿ ಏರಿಸಿಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಜನರ ಸಿಟ್ಟು ಆ ಆರು ಪೆನ್ನಿಯದ್ದಷ್ಟೇ ಆಗಿರಲಿಲ್ಲ. ಮೂರನೇ ಅಂತಸ್ತನ್ನು ಪೂರ್ತಿ ಖಾಸಗಿ ಬಾಕ್ಸುಗಳಾಗಿ ಮಾಡಿ ಶ್ರೀಮಂತರಿಗೆ ವರ್ಷದ ಬಾಡಿಗೆಗೆ ಕೊಟ್ಟಿದ್ದರು. ಮೊದಲು ಅಲ್ಲಿ ಕೂರುತ್ತಿದ್ದ ಸಾಮಾನ್ಯರು ಪಾರಿವಾಳದ ಗೂಡಿಗೆ ಹೋಗಬೇಕಾಯಿತು. ಮೊದಲ ರಾತ್ರಿಯೇ ಗಲಾಟೆ. ಕೂಗಾಟದಲ್ಲಿ ಮ್ಯಾಕ್‌ಬೆತ್‌ನ ಒಂದು ಮಾತೂ ಕೇಳಿಸಲಿಲ್ಲ. ಮ್ಯಾಜಿಸ್ಟ್ರೇಟರು ರಂಗದ ಮೇಲೆ ಬಂದು ಗಲಭೆ ಕಾಯಿದೆ ಓದಿದರು. ಐಸಾಕ್ ಮತ್ತು ಜಾರ್ಜ್ ಕ್ರೂಕ್‌ಶ್ಯಾಂಕ್ ಎಂಬ ಅಪ್ಪ ಮಗ ಆ ಮ್ಯಾಜಿಸ್ಟ್ರೇಟರನ್ನೇ ಹೊಸ ನಟರೆಂದು ಗೇಲಿ ಮಾಡಿ ಚಿತ್ರ ಬಿಡಿಸಿದರು. ಆ ಜಾರ್ಜ್‌ಗೆ ಆಗ ಹದಿನೇಳು ತುಂಬುತ್ತಿತ್ತಷ್ಟೆ.

ಕೆಂಬಲ್ ಮಾಡಿದ ಮುಂದಿನ ಕೆಲಸ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವನು ಕೆಲವು ದಿನ ಮಂದಿರ ಮುಚ್ಚಿ, ಗಣ್ಯರ ಸಮಿತಿಯೊಂದನ್ನು ನೇಮಿಸಿ ಲೆಕ್ಕಪತ್ರ ಪರೀಕ್ಷೆ ಮಾಡಿಸಿದ. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರೇ ಆ ಸಮಿತಿಯಲ್ಲಿದ್ದರು. ಹಳೇ ದರದಲ್ಲಿ ನಡೆಸಿದರೆ ನಷ್ಟ ಎಂದು ವರದಿ ಬಂತು. ಅಂದರೆ ಕೆಂಬಲ್ ತನ್ನ ಎಕ್ಸೆಲ್ ಹಾಳೆಯನ್ನು ಜನರಿಗೆ ತೋರಿಸಿದ. ಜನ ಒಪ್ಪಲಿಲ್ಲ. ಅವರು ಕೇಳುತ್ತಿದ್ದದ್ದು ಲೆಕ್ಕವನ್ನಲ್ಲ, ಜಾಗವನ್ನು. 'ಹಳೇ ದರ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳಾದ ಓ.ಪಿ. ಎಂದು ಬರೆದ ಫಲಕ, ಟೋಪಿ, ಪದಕ ಬಂದವು. ಗಿರಗಟ್ಲೆ, ತುತ್ತೂರಿ, ಗಂಟೆ ಹಿಡಿದು ಬಂದು ಪ್ರೇಕ್ಷಕರು ಕುರ್ಚಿಗಳ ಮೇಲೆ ಓ.ಪಿ. ಕುಣಿತ ಕುಣಿದರು. ಕೆಂಬಲ್ ಬಾಕ್ಸರುಗಳನ್ನು ತಂದು ನಿಲ್ಲಿಸಿದ. ಅದು ಇನ್ನೂ ಉರಿಯಿತು. ಹೀಗೆ 60ಕ್ಕೂ ಹೆಚ್ಚು ರಾತ್ರಿ ನಡೆಯಿತು. ಟೋಪಿಯಲ್ಲಿ ಓ.ಪಿ. ಧರಿಸಿದ್ದಕ್ಕೆ ಬಂಧನವಾಗಿದ್ದ ವಕೀಲ ಹೆನ್ರಿ ಕ್ಲಿಫರ್ಡ್ ಡಿಸೆಂಬರಿನಲ್ಲಿ ಮೊಕದ್ದಮೆ ಗೆದ್ದ. ಪರಿಹಾರ 5 ಪೌಂಡ್. ಆ ತಿಂಗಳ ಮಧ್ಯದಲ್ಲಿ ಕೆಂಬಲ್ ರಾಜಿಗೆ ಬಂದು ರಂಗದ ಮೇಲೆ ಕ್ಷಮೆ ಕೇಳಿದ. ಪಿಟ್ಟಿನ ದರ ಇಳಿಯಿತು, ಖಾಸಗಿ ಬಾಕ್ಸುಗಳು ಕಡಿಮೆಯಾದವು. ಬಾಕ್ಸಿನ 7 ಶಿಲಿಂಗ್ ಮಾತ್ರ ಉಳಿಯಿತು.

ಇಲ್ಲಿಗೆ ಜನ ಗೆದ್ದರು, ಲಾಭಕೋರ ಸೋತ ಎಂದು ಮುಗಿಸಿಬಿಡಬಹುದು. ಆದರೆ ಆ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಮನಸ್ಸು ಕಸಿವಿಸಿಗೊಳ್ಳುತ್ತದೆ. ಕೆಂಬಲ್ ತಂದ ಬಾಕ್ಸರುಗಳಲ್ಲಿ ಡೇನಿಯಲ್ ಮೆಂಡೋಜಾ ಮೊದಲಾದ ಯಹೂದಿಗಳಿದ್ದರು. ಕೆಲವು ಚಿತ್ರಗಳು ಲಾಭಕೋರತನವನ್ನು ಬಿಟ್ಟು ಯಹೂದಿಗಳ ಮೂಗನ್ನೇ ಗೇಲಿ ಮಾಡುತ್ತವೆ. ಇಟಲಿಯ ಗಾಯಕಿ ಕ್ಯಾಟಲಾನಿಗೆ ಹೆಚ್ಚು ಸಂಬಳ ಕೊಟ್ಟರೆಂಬ ಸಿಟ್ಟು ಪರದೇಶಿಯ ಮೇಲಿನ ಸಿಟ್ಟಾಯಿತು. ಪರವೂರಿನಲ್ಲಿ ಬದುಕುವ ನಮ್ಮಂಥವರು ಇದನ್ನು ಸುಮ್ಮನೆ ದಾಟಿಹೋಗಲಾಗದು. ಟಿಕೆಟ್ ದರದ ಮೇಲೆ ಶುರುವಾದ ಜಗಳ ಹೊರಗಿನವನ ಮೇಲೆ ತಿರುಗಲು ಬಹಳ ಹೊತ್ತು ಬೇಕಿಲ್ಲ. ಇನ್ನೊಂದು ಮಾತು. ವ್ಯಾಪಾರವನ್ನು ಗೇಲಿ ಮಾಡಿದ ಆ ಚಿತ್ರಗಳೂ ವ್ಯಾಪಾರವೇ. ಗಲಭೆ ಹೆಚ್ಚಾದಷ್ಟೂ ಅಂಗಡಿಯವರಿಗೆ ಸುಗ್ಗಿ.

ಗೆದ್ದ ಜನ ಆಮೇಲೆ ಏನು ನೋಡಿದರು? ಅದೂ ಕೇಳಿ. 1811ರಲ್ಲಿ ಅದೇ ಕೋವೆಂಟ್ ಗಾರ್ಡನ್ 'ಬ್ಲೂ ಬಿಯರ್ಡ್' ಮತ್ತು 'ತೈಮೂರ್ ದಿ ಟಾರ್ಟರ್' ಆಟಗಳಲ್ಲಿ ರಂಗದ ಮೇಲೆ ಕುದುರೆಗಳನ್ನು ಓಡಿಸಿತು. ಗಲ್ಲಾ ತುಂಬಿತು. ಹೇಮಾರ್ಕೆಟ್ ರಂಗಮಂದಿರ ಅದನ್ನೇ ಅಣಕಿಸಿ ಒಂದು ಆಟ ಆಡಿತು. ಆ ವರ್ಷದ ಡಿಸೆಂಬರ್ 26ರಂದು ಭಾರತದಿಂದ ಹಡಗಿನಲ್ಲಿ ಹೋದ ಚುನಿ ಎಂಬ ಆನೆ ರಂಗಕ್ಕೆ ಬಂತು. ಆಟದ ಹೆಸರು ಓದಿ ನನಗೆ ನಗು ಬಂತು: 'ಹಾರ್ಲೆಕ್ವಿನ್ ಅಂಡ್ ಪದ್ಮನಾಭ'.

ಕೊಚ್ಚಿಗೆ ಬರುವ ಮುಂಚೆ ಐದು ವರ್ಷ ನಾನು ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿದ್ದೆ. ಭಾನುವಾರ ಬೆಳಿಗ್ಗೆ ಕಿಳಕ್ಕೇಕೋಟೆಯ ಪದ್ಮತೀರ್ಥದ ಕಟ್ಟೆಯ ಮೇಲೆ ಕೂತು ಪದ್ಮನಾಭಸ್ವಾಮಿಯ ಗೋಪುರ ನೋಡುವುದು ರೂಢಿ. ಲಂಡನ್ನಿನ ಪದ್ಮನಾಭನಿಗೂ ನಮ್ಮ ಅನಂತಶಯನನಿಗೂ ಹೆಸರಿನ ನಂಟಷ್ಟೇ. ಯೂರೋಪಿನಲ್ಲಿ ಓಡಾಡುತ್ತಿದ್ದ ಪೂರ್ವದೇಶದ ಕತೆಗಳಲ್ಲಿ ಪದ್ಮನಾಭನೆಂಬ ಬ್ರಾಹ್ಮಣನ ಕತೆಯೊಂದಿತ್ತು. ಆದರೆ ಕಾಲವನ್ನು ಗಮನಿಸಿ. ಲಂಡನ್ನಿನವರು ಆರು ಪೆನ್ನಿಗೆ ಹೋರಾಡಿದ 1809ರಲ್ಲೇ ವೇಲುತಂಪಿ ದಳವಾಯಿ ಕಂಪನಿಯ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ. 1810ರಲ್ಲಿ ಕರ್ನಲ್ ಮನ್ರೋ ತಿರುವಾಂಕೂರು ಮತ್ತು ಕೊಚ್ಚಿಗೆ ರೆಸಿಡೆಂಟಾಗಿ ಬಂದರು. ಆನೆ ರಂಗವೇರಿದ 1811ರಲ್ಲಿ ಅವರೇ ತಿರುವಾಂಕೂರಿನ ದಿವಾನರೂ ಆದರು. ಇಲ್ಲಿಂದ ಹೋದದ್ದು ಹೆಸರು, ಆನೆ, ಮೆಣಸು. ಆ ಆನೆಯನ್ನು ಆಮೇಲೆ ಲಂಡನ್ನಿನ ಒಂದು ಪ್ರಾಣಿಸಂಗ್ರಹದ ಮಹಡಿಯ ಮೇಲೆ ಪಂಜರದಲ್ಲಿ ಇಟ್ಟರು. ಮದವೇರಿದಾಗ ನಿಭಾಯಿಸಲಾಗದೆ 1826ರ ಮಾರ್ಚಿನಲ್ಲಿ 150ಕ್ಕೂ ಹೆಚ್ಚು ಗುಂಡು ಹೊಡೆದು ಕೊಂದರು. ಹೆಣ ನೋಡಲೂ ಟಿಕೆಟ್ ಇತ್ತು. ಉತ್ಸವದ ಆನೆಗೆ ಅಭಿಮಾನಿ ಸಂಘ ಕಟ್ಟಿ ಫ್ಲೆಕ್ಸ್ ಹಾಕುವ ಊರಿನಲ್ಲಿ ಕೂತು ಇದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಹಾಗೆಂದು ಇದು ಇಂಗ್ಲಿಷರ ಕತೆ ಮಾತ್ರ ಅಲ್ಲ. 1882ರಲ್ಲಿ ಕೇರಳವರ್ಮ ವಲಿಯ ಕೋಯಿತಂಬುರಾನ್ ಶಾಕುಂತಲವನ್ನು ಮಲಯಾಳಕ್ಕೆ ತಂದರು. ಅದು ಗೆದ್ದಿತು. ತಗೊಳ್ಳಿ, ಕಂಡಕಂಡವರೆಲ್ಲ ನಾಟಕ ಬರೆಯತೊಡಗಿದರು. ತಡೆಯಲಾರದೆ ಮುನ್ಷಿ ರಾಮಕುರುಪ್ಪು 1890ರ ದಶಕದಲ್ಲಿ 'ಚಕ್ಕೀಚಂಕರಂ' ಎಂಬ ಅಣಕು ನಾಟಕ ಬರೆದರು. ಕೆಟ್ಟ ನಾಟಕಗಳನ್ನು ಕೆಟ್ಟ ನಾಟಕದಿಂದಲೇ ಹೊಡೆದರು. ನಮ್ಮ ಮೈಸೂರಿನಲ್ಲೂ ಆಗಲೇ ಬಸವಪ್ಪ ಶಾಸ್ತ್ರಿಗಳ ಶಾಕುಂತಲ ಅರಮನೆಯ ಕಂಪನಿಯಲ್ಲಿ ನಡೆಯುತ್ತಿತ್ತು. ಅಲ್ಲಿಂದ ಮುಂದೆ ನಮ್ಮ ವೃತ್ತಿ ಕಂಪನಿಗಳು ಸೀನು ಸೀನರಿಯಲ್ಲಿ ಪೈಪೋಟಿಗಿಳಿದವು. ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ನಮ್ಮ ತಾತ ಅದನ್ನು ನೋಡಿದ್ದನ್ನು ಸಾಯುವವರೆಗೂ ಹೇಳುತ್ತಿದ್ದರು. ಅದನ್ನು ಹಣದಾಸೆ ಎಂದು ನಾನು ಹೇಗೆ ಹೀಗಳೆಯಲಿ? ಆ ಗಲ್ಲಾಪೆಟ್ಟಿಗೆಯಿಂದಲೇ ನೂರಾರು ಮನೆಗಳ ಒಲೆ ಉರಿಯಿತು. ಇತ್ತ ಕೈಲಾಸಂ ಸೀನಿಲ್ಲದೆ, ಹಾಡಿಲ್ಲದೆ, ಮನೆಮಾತಿನಲ್ಲೇ ನಾಟಕ ಕಟ್ಟಿ ಕಂಪನಿ ನಾಟಕಕ್ಕೆ ಉತ್ತರ ಕೊಟ್ಟರು. 1942ರಲ್ಲಿ ರಾಶಿಯವರು 'ಕೊರವಂಜಿ' ಶುರುಮಾಡಿದಾಗ ಗೇಲಿಗೆ ಕನ್ನಡದಲ್ಲಿ ಒಂದು ಮನೆಯೇ ಸಿಕ್ಕಿತು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬಿಡಿಸಿದ್ದರು.

ಈಗ ನಮ್ಮ ನಾಟಕಕ್ಕೆ ಬರೋಣ. ಇದನ್ನೆಲ್ಲ ನಾನು ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದೆ. ಏಳನೇ ಕ್ಲಾಸಿನ ಮಗಳು ಸುಮ್ಮನೆ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಮುಂದೆ ಎರಡು ಸೋಫಾ, ಅದರಲ್ಲಿ ದಪ್ಪನೆಯ ಜನ ಮೊಬೈಲ್ ನೋಡುತ್ತಿದ್ದಾರೆ. ದೂರದಲ್ಲಿ ಗೂಡಿನಂಥ ಒಂದು ಕಿಂಡಿ, ಅದರಲ್ಲಿ ಆರು ತಲೆ, ಒಬ್ಬರ ಕೈಯಲ್ಲಿ ದೋಸೆ ಮಗುಚುವ ಸಟ್ಟುಗ. ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತ ಕನ್ನಡಕದ ಮನುಷ್ಯ. ಆ ಕನ್ನಡಕ ನನ್ನದೇ. ಹೆಂಡತಿ ನಕ್ಕು ಅದರ ಫೋಟೋ ತೆಗೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ಮೊದಲ ಒಂದು ಗಂಟೆ ನನಗೆ ಸಿಟ್ಟೇ ಬಂದಿತ್ತು. ಅಷ್ಟು ಕಷ್ಟಪಟ್ಟು ಹೊಂದಿಸಿದ್ದೇನೆ, ಇವರಿಗೇನು ಗೊತ್ತು ಎನ್ನಿಸಿತು. ಕೆಂಬಲ್‌ಗೂ ಹೀಗೇ ಅನ್ನಿಸಿರಬೇಕು. ಅವನ ಲೆಕ್ಕವೂ ತಪ್ಪಿರಲಿಲ್ಲ.

ಆ ಸಂಜೆ ಮತ್ತೆ ಸಭೆ ಸೇರಿದೆವು. ವಾದ ಜೋರಾಗಿಯೇ ನಡೆಯಿತು. ಪ್ರಾಯೋಜಕರ ಹಣ ಬಿಟ್ಟರೆ ನಾಟಕವೇ ಇಲ್ಲ ಎಂದವರ ಮಾತು ಸುಳ್ಳಲ್ಲ. ಕೊನೆಗೆ ಕೆಂಬಲ್ ಥರವೇ ಅರ್ಧ ರಾಜಿಯಾದೆವು. ಸೋಫಾ ಬೇಡ. ಪ್ರಾಯೋಜಕರಿಗೆ ಮುಂದಿನ ಸಾಲಿನಲ್ಲಿ ಎಂಟು ಕುರ್ಚಿ ಮಾತ್ರ. ಉಳಿದದ್ದಕ್ಕೆಲ್ಲ ಇನ್ನೂರೈವತ್ತರ ಒಂದೇ ದರ, ಹೋಟೆಲು, ಬೇಕರಿಗಳಲ್ಲಿ ಕೆಲಸ ಮಾಡುವವರಿಗೆ ನೂರು, ಮೊದಲು ಬಂದವರಿಗೆ ಮೊದಲ ಜಾಗ. ಕೊರತೆ ಬಿದ್ದ ಹದಿನೆಂಟು ಸಾವಿರವನ್ನು ಏಳು ಜನ ಹಂಚಿಕೊಂಡೆವು. ನಾಟಕದ ಹಿಂದಿನ ದಿನ ನಾನು ಸಭಾಂಗಣಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತು, ರಂಗದ ಮೇಲಿಂದ ಗೆಳೆಯನಿಗೆ ಮಾತಾಡಲು ಹೇಳಿದೆ. ಅರ್ಧ ಕೇಳಿಸಲಿಲ್ಲ. ಹಿಂದಕ್ಕೆ ಎರಡು ಸ್ಪೀಕರ್ ಹೆಚ್ಚಿಗೆ ಹಾಕಿಸಿದೆವು. ಈ ಖರ್ಚು ನನ್ನ ಎಕ್ಸೆಲ್ ಹಾಳೆಯಲ್ಲಿ ಇರಲೇ ಇಲ್ಲ.

ನಾಟಕ ಚೆನ್ನಾಗಿಯೇ ಆಯಿತು. ಭಟ್ಟರು ಮಧ್ಯಾಹ್ನದ ಕೆಲಸ ಮುಗಿಸಿ ಬೇಗ ಬಂದು ಹುಡುಗರ ಜೊತೆ ಮೂರನೇ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ ಕೈ ಹಿಡಿದು, ಎಲ್ಲ ಲಾಯ್ಕಾಯ್ತು ಸಾರ್, ಪ್ರತಿ ಮಾತೂ ಕೇಳಿಸ್ತು ಎಂದರು. ಆಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು: "ಆ ಮುಂದಿನ ಸಾಲಿನ ಎಂಟು ಕುರ್ಚಿಯಲ್ಲಿ ಐದು ಕೊನೇವರೆಗೂ ಖಾಲಿ ಇತ್ತಲ್ಲ, ಯಾರಿಗೆ ಇಟ್ಟದ್ದು?"

ಬರಬೇಕಾದವರು ಬರಲಿಲ್ಲ ಭಟ್ರೇ ಎಂದೆ.